ಅಂಗಡಿ ಕಾಣತ್ತೆ, ದಾರಿ ಇಲ್ಲ

ಅಮ್ಮ ಮೆಲ್ಬರ್ನಿಗೆ ಬಂದ ನಾಲ್ಕನೇ ದಿನ. ನಾನು ಮೇಲಿನ ರೂಮಿನಲ್ಲಿ ಮೀಟಿಂಗಿನಲ್ಲಿದ್ದೆ. ಸಾರಿಗೆ ಕೊತ್ತಂಬರಿ ಸೊಪ್ಪಿಲ್ಲ ಅಂತ ಚಪ್ಪಲಿ ಹಾಕಿಕೊಂಡು ಹೊರಟವಳು ಮುಕ್ಕಾಲು ಗಂಟೆ ಬಿಟ್ಟು ಬರಿಗೈಲಿ ವಾಪಸ್ ಬಂದಳು. ಮುಖ ಕೆಂಪಾಗಿತ್ತು.

"ಅಂಗಡಿ ಕಾಣತ್ತೆ ಕಣೋ. ಹೋಗಕ್ಕೆ ದಾರಿ ಇಲ್ಲ."

ನಾನು ನಕ್ಕೆ. ಆಮೇಲೆ ಫೋನಿನಲ್ಲಿ ಮ್ಯಾಪ್ ತೆಗೆದು ನೋಡಿದೆ. ನಮ್ಮ ಮನೆಯಿಂದ ಆ ಸೂಪರ್ ಮಾರ್ಕೆಟ್ಟಿಗೆ ಕಾಗೆ ಹಾರಿದರೆ ಆರುನೂರು ಮೀಟರ್ ಕೂಡ ಇಲ್ಲ. ನಡೆದು ಹೋದರೆ ಎರಡು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಮೂರು ವರ್ಷದಿಂದ ಇಲ್ಲೇ ಇದ್ದರೂ ನನಗೆ ಇದು ಗೊತ್ತೇ ಇರಲಿಲ್ಲ. ಯಾಕಂದ್ರೆ ನಾನು ಒಂದು ದಿನವೂ ನಡೆದು ಹೋಗಿರಲಿಲ್ಲ.

ನಾವಿರುವುದು ಮೆಲ್ಬರ್ನಿನ ಪಶ್ಚಿಮದ ಒಂದು ಹೊಸ ಬಡಾವಣೆಯಲ್ಲಿ. ಹತ್ತು ವರ್ಷದ ಹಿಂದೆ ಇಲ್ಲಿ ಹುಲ್ಲು, ಕಲ್ಲು, ಗಾಳಿ ಬಿಟ್ಟರೆ ಏನೂ ಇರಲಿಲ್ಲವಂತೆ. ಈಗ ಸಾಲು ಸಾಲು ಮನೆಗಳು. ಸಂಜೆ ಕಿಟಕಿ ತೆಗೆದರೆ ಒಂದು ಮನೆಯಿಂದ ತೆಲುಗು, ಇನ್ನೊಂದರಿಂದ ಪಂಜಾಬಿ, ಮೂರನೇದರಿಂದ ಒಗ್ಗರಣೆ ವಾಸನೆ. ಬೀದಿಗಳೆಲ್ಲ ಬಳ್ಳಿಯ ಹಾಗೆ ಸುತ್ತಿಕೊಂಡು ಹೋಗಿ ಕೊನೆಗೆ ಎಲ್ಲೂ ತಲುಪದೆ ನಿಂತುಬಿಡುತ್ತವೆ. ದೊಡ್ಡ ರಸ್ತೆಯ ಕಡೆಗೆ ಎಲ್ಲ ಮನೆಗಳದ್ದೂ ಬೆನ್ನು. ಹಿತ್ತಲಿನ ಮರದ ಬೇಲಿ ಅರ್ಧ ಕಿಲೋಮೀಟರ್ ಉದ್ದಕ್ಕೂ ಎಲ್ಲೂ ಬಾಯಿ ಬಿಡುವುದಿಲ್ಲ. ಆಚೆ ನಾಲ್ಕು ಲೇನಿನ ರಸ್ತೆ. ಅದರಾಚೆ ಅಂಗಡಿ.

ಅಮ್ಮ ಮೂವತ್ತೈದು ವರ್ಷ ಬದುಕಿದ್ದು ಜಯನಗರ 4ನೇ ಟಿ ಬ್ಲಾಕಿನಲ್ಲಿ. ಅಪ್ಪ ಹೋದ ಮೇಲೂ ಅಲ್ಲೇ. ಬೆಳಗ್ಗೆ ಹಾಲು, ಸಂಜೆ ಫೋರ್ತ್ ಬ್ಲಾಕ್. ಕಾಂಪ್ಲೆಕ್ಸಿನ ಹತ್ತಿರ ತರಕಾರಿ, ಹೂವು, ಬ್ಲೌಸ್ ಪೀಸು, ಪಕ್ಕದಲ್ಲೇ ಬಸ್ ಸ್ಟ್ಯಾಂಡು. ಪುಟ್ಟಣ್ಣ ಥಿಯೇಟರ್ ಈಗಿಲ್ಲ, ಆದರೂ ಅಮ್ಮ ವಿಳಾಸ ಹೇಳುವಾಗ ಅದನ್ನೇ ಹೇಳುತ್ತಾಳೆ. ಅಲ್ಲಿಗೆ ಹೋಗಲು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಇಲ್ಲಿ ಎರಡನೇ ವಾರ ಹೇಳಿದಳು: "ಇಲ್ಲಿ ನಾನು ಪಾರ್ಸಲ್ ಇದ್ದ ಹಾಗೆ. ಯಾರಾದ್ರೂ ಎತ್ತಿಕೊಂಡು ಹೋಗಬೇಕು, ಯಾರಾದ್ರೂ ಇಳಿಸಬೇಕು."

ಆರು ತಿಂಗಳಿಗೆ ಅಂತ ಕರೆಸಿದ್ದೆ. ಮುಂದೆ ಖಾಯಂ ಆಗಿ ಬಂದು ಇರಬಹುದಾ ಅಂತ ನೋಡುವುದು ನಮ್ಮ ಲೆಕ್ಕ. ಆ ಲೆಕ್ಕ ಕೊತ್ತಂಬರಿ ಸೊಪ್ಪಿನಲ್ಲಿ ತಪ್ಪುವ ಹಾಗೆ ಕಂಡಿತು.

ಆವತ್ತಿನಿಂದ ಶನಿವಾರಗಳಂದು ಅಮ್ಮನನ್ನು ಒಂದೊಂದು ಕಡೆ ಕರೆದುಕೊಂಡು ಹೋಗಲು ಶುರು ಮಾಡಿದೆ. ಬೀಚು, ಪೆಂಗ್ವಿನ್ನು ಎಲ್ಲ ಮೊದಲ ತಿಂಗಳೇ ಮುಗಿದಿತ್ತು. ಈಗ ನೋಡಹೊರಟಿದ್ದು ಪೇಟೆಗಳನ್ನು. ಈ ಊರಿನಲ್ಲಿ ಅವಕ್ಕೆ ಸರ್ಕಾರಿ ಹೆಸರು 'ಆಕ್ಟಿವಿಟಿ ಸೆಂಟರ್'. ಅಂಗಡಿ, ಆಫೀಸು, ಲೈಬ್ರರಿ, ಡಾಕ್ಟರು, ಸ್ಟೇಷನ್ನು, ಒಂದಷ್ಟು ಫ್ಲಾಟು, ಎಲ್ಲ ಒಂದೇ ಕಡೆ ಇರಬೇಕು ಅನ್ನುವ ಯೋಚನೆ. ಹೆಸರು ಕೇಳಿದರೆ ಮಕ್ಕಳ ಸಮ್ಮರ್ ಕ್ಯಾಂಪ್ ಅನಿಸತ್ತೆ, ಅಲ್ವಾ?

ಯೋಚನೆ ಹಳೇದು. 1954ರಲ್ಲಿ ಮೆಲ್ಬರ್ನಿಗೆ ಒಂದು ದೊಡ್ಡ ಯೋಜನೆ ತಯಾರಾಯಿತು. ಮಾಡಿದ್ದು ನೀರು, ಒಳಚರಂಡಿ ನೋಡಿಕೊಳ್ಳುತ್ತಿದ್ದ ಮಂಡಳಿ. ನಮ್ಮ ಜಲಮಂಡಳಿ ಕೈಗೆ ಬಿಡಿಎ ಕೆಲಸ ಕೊಟ್ಟ ಹಾಗೆ! ಎಲ್ಲರೂ ಸಿಟಿಗೇ ಬರುವ ಬದಲು ಹೊರಗಿನ ಐದು ಕಡೆ ದೊಡ್ಡ ಪೇಟೆಗಳನ್ನು ಬೆಳೆಸೋಣ ಅಂತ ಅದು ಗುರುತು ಮಾಡಿತು: ಫುಟ್‌ಸ್ಕ್ರೇ, ಪ್ರೆಸ್ಟನ್, ಬಾಕ್ಸ್ ಹಿಲ್, ಮೂರಬಿನ್, ಡ್ಯಾಂಡಿನಾಂಗ್. ಐದಕ್ಕೂ ರೈಲ್ವೆ ಸ್ಟೇಷನ್ ಇತ್ತು.

ಆದರೆ 1960ರಲ್ಲಿ ಚ್ಯಾಡ್‌ಸ್ಟನ್ ಮಾಲ್ ತೆರೆಯಿತು. ಕಟ್ಟಿದ್ದು ಮೈಯರ್ ಅನ್ನುವ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್ ಕಂಪನಿ. ಅದು ಆ ಐದರಲ್ಲಿ ಇರಲಿಲ್ಲ, ರೈಲೂ ಇರಲಿಲ್ಲ. ಇದ್ದದ್ದು ಖಾಲಿ ಜಾಗ, ಕಾರು ನಿಲ್ಲಿಸಲು ಬಯಲು. ಜನ ಅಲ್ಲಿಗೇ ಹೋದರು. ಇವತ್ತು ಆಸ್ಟ್ರೇಲಿಯಾದ ಅತಿ ದೊಡ್ಡ ಮಾಲ್‌ಗಳಲ್ಲಿ ಅದೂ ಒಂದು, ಇವತ್ತಿಗೂ ಅಲ್ಲಿಗೆ ರೈಲಿಲ್ಲ. ಕಾಗದದ ಮೇಲೆ ಗೆರೆ ಎಳೆದವರು ಒಂದು ಕಡೆ, ದುಡ್ಡು ಹಾಕಿದವರು ಇನ್ನೊಂದು ಕಡೆ. ಆ ಹಗ್ಗಜಗ್ಗಾಟ ಆಮೇಲೆ ನಿಂತೇ ಇಲ್ಲ. 2002ರಲ್ಲಿ 'ಮೆಲ್ಬರ್ನ್ 2030' ಅಂತ ಇನ್ನೊಂದು ಯೋಜನೆ ಬಂತು, ಅದರ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ಕೇಂದ್ರಗಳು. ನೂರು ಕಡೆ 'ಇದು ಮುಖ್ಯ' ಅಂತ ಬರೆದರೆ ಯಾವುದು ಮುಖ್ಯ? ನಮ್ಮ ಪ್ರಾಜೆಕ್ಟಿನಲ್ಲಿ ಎಲ್ಲ ಟಿಕೆಟ್ಟಿಗೂ 'ಹೈ ಪ್ರಯಾರಿಟಿ' ಹಾಕುವ ಮ್ಯಾನೇಜರ್ ನೆನಪಾದರು.

ಚ್ಯಾಡ್‌ಸ್ಟನ್ನಿನಲ್ಲಿ ಅಮ್ಮ ಗಾಜಿನ ಛಾವಣಿ ನೋಡಿ "ಚೆನ್ನಾಗಿದೆ" ಅಂದಳು. ಅರ್ಧ ಗಂಟೆ ಆದಮೇಲೆ "ಹೊರಡೋಣ್ವಾ?" ಅಂದಳು. ಪಾರ್ಕಿಂಗಿನಲ್ಲಿ ನಮ್ಮ ಕಾರು ಹುಡುಕಲು ಇಪ್ಪತ್ತು ನಿಮಿಷ ಬೇಕಾಯಿತು.

ಬಾಕ್ಸ್ ಹಿಲ್‌ಗೆ ರೈಲಿನಲ್ಲೇ ಹೋದೆವು. ಮನೆಯಿಂದ ಸಿಟಿಗೆ, ಅಲ್ಲಿಂದ ಇನ್ನೊಂದು ರೈಲು. ಅಲ್ಲಿ ಸ್ಟೇಷನ್ ಇರುವುದು ನೆಲದ ಕೆಳಗೆ, ಅದರ ಮೇಲೆ ಅಂಗಡಿಗಳು, ಅವುಗಳ ಮೇಲೆ ಬಸ್ ಸ್ಟ್ಯಾಂಡು. ಎಸ್ಕಲೇಟರ್ ಹತ್ತಿದರೆ ನೇರ ಮೀನಿನ ಅಂಗಡಿ ಎದುರು ನಿಲ್ಲುತ್ತೀರಿ (ಅಮ್ಮ ಮೂಗಿಗೆ ಸೆರಗು ಹಿಡಿದಳು). ಅದು ದಾಟಿದರೆ ಸೊಪ್ಪಿನ ರಾಶಿ. ಬೂದುಗುಂಬಳ, ಹಾಗಲಕಾಯಿ, ಶುಂಠಿ, ಹೆಸರು ಗೊತ್ತಿಲ್ಲದ ಹತ್ತು ಥರದ ಎಲೆ. ಹೊರಗಿನ ಬೀದಿಯಲ್ಲಿ ವಾಹನ ಇಲ್ಲ. ಬೆಂಚುಗಳ ಮೇಲೆ ಚೀನಾ ಮೂಲದ ಅಜ್ಜ ಅಜ್ಜಿಯರು ಚಕ್ರದ ಬ್ಯಾಗು ಪಕ್ಕಕ್ಕಿಟ್ಟುಕೊಂಡು ಹರಟುತ್ತಿದ್ದರು. 109ನೇ ನಂಬರಿನ ಟ್ರ್ಯಾಮಿನ ಕೊನೇ ಸ್ಟಾಪ್ ಕೂಡ ಅಲ್ಲೇ. ಸುತ್ತ ಮೂವತ್ತು ಮಹಡಿ ದಾಟಿದ ಕಟ್ಟಡಗಳೂ ಎದ್ದಿವೆ, ನೆರಳು ಬೇಗ ಬೀಳುತ್ತೆ, ಗಾಳಿ ಜೋರು. ಸುಂದರವಾದ ಜಾಗ ಅಂತ ನಾನು ಹೇಳಲಾರೆ.

ಅಮ್ಮ ಒಂದು ಬೆಂಚಿನಲ್ಲಿ ಕೂತಳು. ಪಕ್ಕದ ಅಜ್ಜಿ ಏನೋ ಹೇಳಿದರು, ಅಮ್ಮ ಕನ್ನಡದಲ್ಲಿ ಏನೋ ಹೇಳಿದಳು. ಇಬ್ಬರೂ ಒಬ್ಬರ ಬ್ಯಾಗಿನಲ್ಲಿ ಒಬ್ಬರು ಇಣುಕಿ ಬೂದುಗುಂಬಳಕಾಯಿ ನೋಡಿಕೊಂಡರು. ಒಂದು ಗಂಟೆ ಎದ್ದೇಳಲಿಲ್ಲ.

"ಇಲ್ಲೇ ಮನೆ ಮಾಡಬಾರದಿತ್ತಾ?" ಅಂತ ವಾಪಸ್ ಬರುವಾಗ ಕೇಳಿದಳು. ಬೆಲೆ ಹೇಳಿದೆ. ಸುಮ್ಮನಾದಳು.

ಆ ಹೊತ್ತಿಗೇ ನಮ್ಮ ಬಡಾವಣೆಯಲ್ಲಿ ಲೆಟರ್ ಬಾಕ್ಸಿಗೆ ಒಂದು ಕರಪತ್ರ ಬಿತ್ತು. ಸೂಪರ್ ಮಾರ್ಕೆಟ್ ಸುತ್ತಲಿನ ಖಾಲಿ ಜಾಗವನ್ನು ಪೂರ್ತಿ ಟೌನ್ ಸೆಂಟರ್ ಮಾಡುವ ಕರಡು ಯೋಜನೆ, ಕೌನ್ಸಿಲ್‌ನವರು ಕಮ್ಯುನಿಟಿ ಹಾಲಿನಲ್ಲಿ ತೋರಿಸುತ್ತಾರೆ, ಬಂದು ಅಭಿಪ್ರಾಯ ಹೇಳಿ ಅಂತ. ಇಂಥ ಕಾಗದ ಎಷ್ಟು ಬಂದಿದ್ದವೋ, ಎಲ್ಲ ಸೀದಾ ಡಸ್ಟ್‌ಬಿನ್ನಿಗೆ ಹೋಗಿದ್ದವು. ಈ ಸಲ ಅಮ್ಮ ಎತ್ತಿಟ್ಟಳು.

ಹಾಲಿನಲ್ಲಿ ಮೇಜಿನ ಮೇಲೆ ಬಣ್ಣ ಬಣ್ಣದ ನಕ್ಷೆ. ಪಕ್ಕದಲ್ಲಿ ಹಳದಿ ಚೀಟಿಗಳು, ಬೇಕಾದ್ದನ್ನು ಬರೆದು ಅಂಟಿಸಬಹುದು. ನನ್ನ ವಯಸ್ಸಿನ ಪ್ಲಾನರ್ ಒಬ್ಬಳು ತಾಳ್ಮೆಯಿಂದ ವಿವರಿಸಿದಳು. ಹೊಸ ಬಡಾವಣೆಗಳ 2009ರ ಯೋಜನಾ ಸೂತ್ರದಲ್ಲಿ ಹೀಗಿತ್ತಂತೆ: ನೂರರಲ್ಲಿ 80ರಿಂದ 90 ಮನೆಗಳು ಸೂಪರ್ ಮಾರ್ಕೆಟ್ ಹಿಡಿಸುವಷ್ಟು ದೊಡ್ಡ ಟೌನ್ ಸೆಂಟರಿನಿಂದ 1 ಕಿಲೋಮೀಟರ್ ಒಳಗಿರಬೇಕು. ನಮ್ಮ ಮನೆ ಪಾಸು! ಕಂಪಾಸ್ ಇಟ್ಟು ವೃತ್ತ ಎಳೆದರೆ ನಾವು ಆರಾಮಾಗಿ ಒಳಗೆ. ವೃತ್ತಕ್ಕೆ ಬೇಲಿ ಕಾಣುವುದಿಲ್ಲವಲ್ಲ.

ಕೌನ್ಸಿಲ್ ಕೈಯಲ್ಲಿ ಏನಿದೆ, ಏನಿಲ್ಲ ಅನ್ನುವುದೂ ಅವತ್ತೇ ಅರ್ಥವಾಯಿತು. ಯಾವ ಜಾಗದಲ್ಲಿ ಅಂಗಡಿ, ಯಾವ ಜಾಗದಲ್ಲಿ ಮನೆ ಅಂತ ಅವರು ಗುರುತು ಮಾಡಬಹುದು. ಡೆವಲಪರ್‌ಗಳಿಂದ ತಗೊಂಡ ಶುಲ್ಕದಲ್ಲಿ ಸಮುದಾಯ ಭವನ, ಆಟದ ಮೈದಾನ, ಒಳರಸ್ತೆ ಮಾಡಬಹುದು. ಆದರೆ ಅಂಗಡಿ ಬಾ ಅಂದರೆ ಬರುವುದಿಲ್ಲ, ಸಾಕಷ್ಟು ಮನೆ ತುಂಬುವವರೆಗೆ ಕಂಪನಿಗಳು ಕಾಯುತ್ತವೆ. ದೊಡ್ಡ ರಸ್ತೆ ರಾಜ್ಯ ಸರ್ಕಾರದ್ದು, ದಾಟಲು ಸಿಗ್ನಲ್ ಬೇಕಂದ್ರೆ ಅಲ್ಲಿ ಕೇಳಬೇಕು. ಯೋಜನಾ ನಿಯಮ ಬದಲಾಗಬೇಕಾದರೆ ಕರಡನ್ನು ಕನಿಷ್ಠ ಒಂದು ತಿಂಗಳು ಜನರ ಮುಂದಿಡಬೇಕು, ತಕರಾರು ಉಳಿದರೆ ಸ್ವತಂತ್ರ ಸಮಿತಿ ಕೇಳುತ್ತದೆ, ಕೊನೇ ಸಹಿ ಮಂತ್ರಿಯದ್ದು.

ಅಮ್ಮನಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಅವಳು ಅಷ್ಟರಲ್ಲಿ ಚೀಟಿ ತಗೊಂಡು ದುಂಡಗೆ ಕನ್ನಡದಲ್ಲಿ ಬರೆದಿದ್ದಳು: 'ಇಲ್ಲಿ ಬೆಂಚು ಬೇಕು. ನೆರಳು ಬೇಕು. ಬೇಲಿಯಲ್ಲಿ ಒಂದು ಗೇಟು ಬೇಕು.' ಪ್ಲಾನರ್ ಅದನ್ನು ತೆಗೆಯಲಿಲ್ಲ. ನನ್ನನ್ನು ಕೇಳಿ ಕೆಳಗೆ ಇಂಗ್ಲಿಷಿನಲ್ಲಿ ಬರೆದುಕೊಂಡಳು.

ಗೇಟಿಗೆ ಜಾಗವೂ ಇತ್ತು. ನಮ್ಮ ಬೀದಿಯ ಕೊನೆಯಲ್ಲಿ ಎರಡು ಮನೆಗಳ ನಡುವೆ ಮಳೆನೀರಿನ ಪೈಪು ಹೋಗುವ ಮೂರು ಮೀಟರಿನ ಪಟ್ಟಿ, ಎರಡೂ ಕಡೆ ಬೀಗ. ಅದನ್ನು ತೆರೆದು ಕಾಲುದಾರಿ ಮಾಡಿ, ಎದುರಿಗೆ ಸಿಗ್ನಲ್ ಹಾಕಿ ಅಂತ ನಾನು ಎರಡು ಪುಟದ ಅರ್ಜಿ ಬರೆದೆ. ಬೀದಿಯವರ ಸಹಿ ಕೇಳಲು ಹೊರಟೆ. ಹನ್ನೊಂದು ಮನೆಯವರು ಹಾಕಿದರು.

ಹಾಕದವರು ಆ ಪಟ್ಟಿಯ ಪಕ್ಕದ ಮನೆಯವರು. ಹುಬ್ಬಳ್ಳಿ ಕಡೆಯವರು, ನಮಗಿಂತ ಹತ್ತು ವರ್ಷ ದೊಡ್ಡವರು, ಯುಗಾದಿಗೆ ಹೋಳಿಗೆ ಕಳಿಸುವಷ್ಟು ಬಳಕೆ. ಚಹಾ ಕೊಟ್ಟರು, ಅರ್ಜಿ ಪೂರ್ತಿ ಓದಿದರು.

"ನೋಡ್ರಿ, ದಿನಾ ನೂರು ಮಂದಿ ನಮ್ಮ ಬೆಡ್‌ರೂಮ್ ಕಿಟಕಿ ಹಿಡಿದು ಅಡ್ಡಾಡ್ತಾರ. ರಾತ್ರಿ ಹುಡುಗ್ರು ಬಂದು ಕೂಡ್ತಾವ. ನಿಮ್ಮ ಮನಿ ಬಾಜೂಕ ಆಗಿದ್ರ ನೀವು ಸಹಿ ಹಾಕ್ತಿದ್ರೇನ್ರಿ?"

ಹಾಕ್ತಿದ್ದೆ ಅನ್ನಲು ಬಾಯಿ ಬರಲಿಲ್ಲ. 2024ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ, ಮೊದಲಿದ್ದ 10 ಕೇಂದ್ರಗಳ ಜೊತೆಗೆ ರೈಲು, ಟ್ರ್ಯಾಮ್ ಹತ್ತಿರದ ಇನ್ನೂ 50 ಕಡೆ ಎತ್ತರದ ಕಟ್ಟಡಗಳಿಗೆ ಅವಕಾಶ ಮಾಡುತ್ತೇವೆ ಅಂತ ಬ್ರೈಟನ್ ಅನ್ನುವ ಶ್ರೀಮಂತ ಬಡಾವಣೆಯಲ್ಲಿ ಘೋಷಿಸಿದಾಗ, ಅಲ್ಲಿನವರು ಹೊರಗೆ ನಿಂತು ಕೂಗಿದ್ದರು. ಟಿವಿಯಲ್ಲಿ ನೋಡಿ ನಾನು ಲೇವಡಿ ಮಾಡಿದ್ದೆ. ನಮ್ಮ ಬೀದಿಯಲ್ಲಿ ಅದೇ ಮಾತು ಚಹಾ ಜೊತೆ ಬಂದಾಗ ಲೇವಡಿ ಹೊಳೆಯಲಿಲ್ಲ.

ಅರ್ಜಿ ತಿದ್ದಿದೆ. ಅವರ ಕಿಟಕಿ ಕಡೆ ಎತ್ತರದ ಬೇಲಿ, ದೀಪ, ರಾತ್ರಿ ಹತ್ತಕ್ಕೆ ಗೇಟು ಹಾಕುವುದು, ಎಲ್ಲ ಸೇರಿಸಿದೆ. ಅವರು ಆಗಲೂ ಸಹಿ ಹಾಕಲಿಲ್ಲ. ವಿರೋಧವನ್ನೂ ಬರೆಯುವುದಿಲ್ಲ ಅಂದರು.

ಅಮ್ಮ ಐದನೇ ತಿಂಗಳಿಗೇ ಹೊರಟಳು. ಕಾರಣ ಕೇಳಿದರೆ ವರಮಹಾಲಕ್ಷ್ಮಿ ಹಬ್ಬ ಅಂದಳು. ಏರ್‌ಪೋರ್ಟಿನಲ್ಲಿ ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ.

ಹೋದ ತಿಂಗಳು ತಿದ್ದಿದ ಕರಡು ಬಂತು. ನಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡಿದೆ. ಪೈಪಿನ ಪಟ್ಟಿಯ ಮೇಲೆ ಹಸಿರು ಬಣ್ಣದ ಚುಕ್ಕೆ ಗೆರೆ ಇತ್ತು. ಸ್ಕ್ರೀನ್‌ಶಾಟ್ ತೆಗೆದು ಅಮ್ಮನಿಗೆ ವಾಟ್ಸಪ್ ಮಾಡಿದೆ. ಐದು ನಿಮಿಷಕ್ಕೆ ಫೋನ್ ಬಂತು, ಹಿಂದೆ ಬಸ್ಸಿನ ಹಾರ್ನು, ಹೂವಿನವಳ ಕೂಗು.

"ಚುಕ್ಕೆ ಅಂದ್ರೆ ಏನೋ?"

"ಇನ್ನೂ ಪರಿಶೀಲನೆ ಮಾಡ್ತಾರಂತೆ ಅಮ್ಮ. ರಸ್ತೆಯವರೂ ಒಪ್ಪಬೇಕು."

"ಬೆಂಚು?"

"ಎರಡು ಹಾಕಿದ್ದಾರೆ. ಮರದ ಕೆಳಗೆ."

"ಮರ ಈಗ ಇದ್ಯಾ, ಇನ್ನು ನೆಡಬೇಕಾ?"

ನಕ್ಷೆ ಮತ್ತೆ ದೊಡ್ಡದು ಮಾಡಿ ನೋಡಿದೆ. ನೆಡಬೇಕಿತ್ತು.