ಕಷಾಯದ ಪೊಟ್ಟಣ

ಮನೆಯಲ್ಲೊಬ್ಬರಿಗೆ ದೊಡ್ಡ ಕಾಯಿಲೆ ಬಂತೆಂದರೆ ಔಷಧಿ ಸೂಚಿಸುವವರಿಗೆ ಬರವಿಲ್ಲ. ನೋಡಲು ಬಂದವರೆಲ್ಲ ಒಂದು ಬೇರು, ಒಂದು ಸೊಪ್ಪಿನ ಹೆಸರು ಹೇಳಿ ಹೋಗುತ್ತಾರೆ. ಕುದಿಸಿ, ಸೋಸಿ, ಕುಡಿಸುವ ಕೆಲಸ ಮಾತ್ರ ಮನೆಯ ಹೆಂಗಸಿನದು. ಹೆಚ್ಚುಕಡಿಮೆಯಾದರೆ ಮಾತು ಕೇಳಬೇಕಾದವಳೂ ಅವಳೇ.

ನನ್ನ ನಾದಿನಿಯ ಗಂಡನಿಗೆ ಪಿತ್ತಜನಕಾಂಗದ, ಅಂದರೆ ಲಿವರ್‌ನ ಕ್ಯಾನ್ಸರ್ ಆಗಿ ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ ತೆಗೆದಿದ್ದರು. ಚೀನಾದ ಗ್ವಾಂಗ್‌ಝೌನಲ್ಲಿ ವ್ಯಾಪಾರದಲ್ಲಿರುವ ಸಂಬಂಧಿಕ ಹುಡುಗನೊಬ್ಬ ರಜೆಗೆ ಬಂದಾಗ ಎರಡು ಪೊಟ್ಟಣ ಕೊಟ್ಟು ಹೋದ. "ಭಾಭಿ, ಅಲ್ಲಿ ಎಲ್ಲರೂ ಇದನ್ನೇ ಕುಡಿಯುತ್ತಾರಂತೆ. ಆಸ್ಪತ್ರೆಯ ಮಾತ್ರೆ ಬಿಟ್ಟು ಇದನ್ನೇ ಕೊಡಲೇ?" ಎಂದು ನಾದಿನಿ ಕೇಳಿದಳು. ನಾನೇನು ಡಾಕ್ಟರಳಲ್ಲ. ಮದ್ರಸದಲ್ಲಿ ಕಲಿತು, ಬಿ.ಎ. ಮುಗಿಸಿ, ಮಕ್ಕಳಿಗೆ ಪಾಠ ಹೇಳುವವಳು. ಎರಡು ದಿನ ಸಮಯ ಕೇಳಿ ಓದಲು ಕುಳಿತೆ.

ಹುಡುಗನ ಮಾತು ಪೂರ್ತಿ ಸುಳ್ಳಲ್ಲ. ಜಗತ್ತಿನಲ್ಲಿ ಈ ಕ್ಯಾನ್ಸರ್ ಬರುವ ಹತ್ತು ಜನರಲ್ಲಿ ನಾಲ್ವರಿಗೂ ಹೆಚ್ಚು ಮಂದಿ ಚೀನಾದವರು. ಹೆಪಟೈಟಿಸ್ ಬಿ ಸೋಂಕು ಅದಕ್ಕೆ ಮುಖ್ಯ ಕಾರಣ. ಅಲ್ಲಿನ ಅನೇಕ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ವಿಭಾಗವೂ ಗಿಡಮೂಲಿಕೆಯ ವಿಭಾಗವೂ ಒಂದೇ ಸೂರಿನಡಿ ಇರುತ್ತವೆ. ಆದರೆ ನಾದಿನಿ ಹೇಳಿದ "ಬಿಟ್ಟು" ಎಂಬ ಪದ ನನಗೆ ಅಲ್ಲಿ ಸಿಗಲಿಲ್ಲ.

ಅಲ್ಲಿ 'ಹುವಾಯರ್' ಎಂಬ ಔಷಧಿಯೊಂದಿದೆ. ಮರದ ಮೇಲೆ ಬೆಳೆಯುವ ಒಂದು ಜಾತಿಯ ಅಣಬೆಯಿಂದ ಮಾಡಿದ ಹರಳು ಅದು. ಅದರ ಬಗ್ಗೆ ಚೀನಾದ 39 ಆಸ್ಪತ್ರೆಗಳಲ್ಲಿ 1044 ರೋಗಿಗಳನ್ನು ಸೇರಿಸಿ ನಡೆಸಿದ ಪರೀಕ್ಷೆಯ ಫಲಿತಾಂಶ 2018ರಲ್ಲಿ 'ಗಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. 96 ವಾರಗಳ ಬಳಿಕ, ಅದನ್ನು ಸೇವಿಸಿದವರಲ್ಲಿ ನೂರಕ್ಕೆ ಸುಮಾರು 62 ಮಂದಿಗೆ ಕ್ಯಾನ್ಸರ್ ಮರುಕಳಿಸಿರಲಿಲ್ಲ. ಸೇವಿಸದವರಲ್ಲಿ ಆ ಸಂಖ್ಯೆ 49. ಸಣ್ಣ ಅಂತರವಲ್ಲ. ಆದರೆ ಅವರೆಲ್ಲರಿಗೂ ಮೊದಲು ಶಸ್ತ್ರಚಿಕಿತ್ಸೆ ಆಗಿತ್ತು. ಇನ್ನೊಂದು ಗುಂಪಿಗೆ ಹೋಲಿಕೆಗಾಗಿ ತೋರಿಕೆಯ ಔಷಧಿಯನ್ನೂ ಕೊಟ್ಟಿರಲಿಲ್ಲ. ಹಾಗಾಗಿ ಇದೊಂದೇ ಪರೀಕ್ಷೆಯಿಂದ ಎಲ್ಲ ತೀರ್ಮಾನವಾಯಿತು ಎನ್ನುವಂತಿಲ್ಲ.

ಇನ್ನೊಂದು ಮುಖವನ್ನೂ ನೋಡಿ. ಚೀನೀ ವೈದ್ಯದಲ್ಲಿ ಬಹುಕಾಲ ಬಳಸಿದ ಕೆಲವು ಗಿಡಗಳಲ್ಲಿ ಅರಿಸ್ಟೋಲೋಕಿಕ್ ಆಮ್ಲ ಎಂಬ ವಿಷವಿದೆ. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರನ್ನೂ ತರುತ್ತದೆ. ತೈವಾನ್ 2003ರಲ್ಲಿ ಅಂಥ ಗಿಡಗಳನ್ನು ನಿಷೇಧಿಸಿತು. 2017ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ತೈವಾನಿನ 98 ರೋಗಿಗಳ ಲಿವರ್ ಗಡ್ಡೆಗಳನ್ನು ಪರೀಕ್ಷಿಸಿದಾಗ, ನೂರಕ್ಕೆ 78ರಲ್ಲಿ ಆ ಆಮ್ಲ ಬಿಟ್ಟುಹೋಗುವ ಗುರುತು ಕಂಡಿತು! ಗಿಡದಿಂದ ಬಂದದ್ದು ಹಾನಿ ಮಾಡದು ಎನ್ನುವವರು ಇದನ್ನು ತಿಳಿಯಬೇಕು.

ನಾದಿನಿಗೆ ಇನ್ನೊಂದು ಸಂಶಯ, ಇದು ಹಲಾಲ್ ಹೌದೋ ಅಲ್ಲವೋ ಎಂದು. ಕೇಳಬೇಕಾದ ಪ್ರಶ್ನೆಯೇ. ಚೀನಾದಲ್ಲಿ ಕ್ಯಾನ್ಸರಿಗೆ ಕೊಡುವ 'ಹುವಾಚಾನ್ಸು' ಎಂಬ ಔಷಧಿಯನ್ನು ನೆಲಗಪ್ಪೆಯ ಚರ್ಮದಿಂದ ತಯಾರಿಸುತ್ತಾರೆ. ಆದರೆ ಒಳಗೇನಿದೆ ಎಂದು ತಿಳಿಯದೆ ಯಾವ ಆಲಿಮರು ತಾನೇ ಉತ್ತರ ಕೊಟ್ಟಾರು? ಹುಡುಗನಿಗೆ ಫೋನ್ ಮಾಡಿ ಚೀನೀ ಅಕ್ಷರಗಳನ್ನು ಓದಿಸಿದೆವು. ಒಂದು ಪೊಟ್ಟಣದ ಮೇಲೆ ಕಂಪೆನಿಯ ಹೆಸರು, ಒಳಗಿನ ವಸ್ತುಗಳ ಪಟ್ಟಿ ಇತ್ತು. ಇನ್ನೊಂದರಲ್ಲಿ ಬರೀ ಬೇರಿನ ಚೂರುಗಳು, ಹೆಸರಿಲ್ಲ.

ಎರಡನ್ನೂ ಡಾಕ್ಟರರ ಮೇಜಿನ ಮೇಲಿಟ್ಟೆವು. ನಾದಿನಿ ಹೆದರಿದಂತೆ ಅವರು ಗದರಲಿಲ್ಲ. "ನುಂಗಿದ ಔಷಧಿಯನ್ನು ಅರಗಿಸಬೇಕಾದದ್ದು ಲಿವರೇ. ಅದೀಗ ಅರ್ಧ ಕತ್ತರಿಸಿದ ಲಿವರ್. ರಕ್ತಪರೀಕ್ಷೆಯಲ್ಲಿ ಏರುಪೇರಾದರೆ ನನ್ನ ಮಾತ್ರೆಯಿಂದಲೋ, ನಿಮ್ಮ ಕಷಾಯದಿಂದಲೋ, ರೋಗದಿಂದಲೋ ಎಂದು ಹೇಗೆ ತಿಳಿಯಲಿ?" ಎಂದರು. ಹೆಸರಿಲ್ಲದ್ದನ್ನು ಎಸೆಯಲು ಹೇಳಿದರು. ಹೆಸರಿದ್ದದ್ದನ್ನು ಮುಂದಿನ ಪರೀಕ್ಷೆಯ ನಂತರ ನೋಡೋಣ, ಅಲ್ಲಿಯ ತನಕ ಮುಟ್ಟಬೇಡಿ ಎಂದರು.

ನಾದಿನಿ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ಗಂಡನಿಗೆ ಕೊಟ್ಟ ಮಾತ್ರೆ, ಹೊತ್ತು, ಬೆಳಗಿನ ಮೆಂತ್ಯದ ನೀರು ಕೂಡ ಅದರಲ್ಲಿದೆ. ಪ್ರತಿ ಸಲ ಆಸ್ಪತ್ರೆಗೆ ಹೋಗುವಾಗ ರಿಪೋರ್ಟಿನ ಫೈಲಿನ ಜೊತೆ ಅದನ್ನೂ ಒಯ್ಯುತ್ತಾಳೆ.