ಸಕುಟುಂಬ ಸಪರಿವಾರ

ಬಿಷಪ್ ಎಂದೊಡನೆ ಕಣ್ಣಿಗೆ ಕಟ್ಟುವುದು ಎತ್ತರದ ಟೋಪಿ, ತುದಿ ಬಾಗಿದ ಕೋಲು, ಬೆನ್ನ ಹಿಂದೆ ಕಡೆದ ಮರದ ದೊಡ್ಡ ಪೀಠ. ದೋರ್ನಕಲ್ಲಿನ ಬಿಷಪ್ ಅಜರಯ್ಯನವರನ್ನು ನೆನೆದಾಗ ಮಾತ್ರ ಈ ಸರಂಜಾಮೆಲ್ಲ ಪಕ್ಕಕ್ಕೆ ಸರಿದು ಒಂದು ಎತ್ತಿನ ಗಾಡಿ ಬಂದು ನಿಲ್ಲುತ್ತದೆ. ಗಾಡಿಯಲ್ಲಿ ಅವರೊಬ್ಬರೇ ಇಲ್ಲ, ಹೆಂಡತಿ ಅನ್ಬು ಪಕ್ಕದಲ್ಲಿದ್ದಾರೆ. ಗಾಡಿಪೀಠ ಅನ್ನೋಣವೇ ಅದನ್ನು? ಹೊಲದ ಏರಿ, ಹಳ್ಳದ ಮರಳು, ಬೇಸಿಗೆಯ ಕೆಂಧೂಳು ಎಲ್ಲವನ್ನೂ ಹಾದು ತೆಲುಗು ಹಳ್ಳಿಗಳ ಕೇರಿಯವರೆಗೂ ಹೋಗಬಲ್ಲ ಪೀಠ. ನನಗಂತೂ ಅದೇ ಇಷ್ಟ.

ಎತ್ತಿನ ಗಾಡಿಯಲ್ಲಿ ಹೊತ್ತು ಬೇಕಾದಷ್ಟು ಸಿಗುತ್ತದೆ. ಮಾತು ತೆಗೆಯಬಹುದು, ಮುಗಿಸಬಹುದು, ಮುನಿಸಿಕೊಂಡು ಮುಂದಿನ ಹುಣಸೆಮರದ ನೆರಳು ಬರುವಷ್ಟರಲ್ಲಿ ರಾಜಿಯೂ ಆಗಬಹುದು. ಅವರಿಬ್ಬರೂ ಏನು ಮಾತಾಡಿಕೊಂಡಿರಬಹುದು ಎಂದು ಊಹಿಸುತ್ತ ಕೂರುವುದು ನನಗೊಂದು ಸುಖ. ಆರು ಮಕ್ಕಳ ತಂದೆತಾಯಿ ಅವರು. ಯಾವ ಮಗುವಿಗೆ ಜ್ವರ, ಯಾರ ಶಾಲೆಯ ಫೀಸು, ಮುಂದಿನ ಊರಿನ ಉಪದೇಶಿಯ ಮನೆಯಲ್ಲಿ ಬಾಣಂತನ, ಅದರ ಮುಂದಿನ ಊರಿನಲ್ಲಿ ಒಡಕು. ಮನೆಯ ಮಾತು ಎಲ್ಲಿ ನಿಂತು ಸಭೆಯ ಮಾತು ಎಲ್ಲಿ ಶುರುವಾಯಿತೆಂದು ಗಾಡಿ ಹೊಡೆಯುವವನಿಗೂ ತಿಳಿದಿರಲಾರದು.

ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ ಹುಟ್ಟಿದ್ದು 1874ರಲ್ಲಿ, ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ತಂದೆ ಸಭಾಪಾಲಕರು. ತಾಯಿ ವರ್ಷಗಟ್ಟಲೆ ಗಂಡುಮಗುವಿಗಾಗಿ ಪ್ರಾರ್ಥಿಸಿ ಪಡೆದ ಮಗ, ಅದಕ್ಕೇ ಬೈಬಲ್ಲಿನ ಹನ್ನಳ ಮಗನ ಹೆಸರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರು, ಪದವಿ ಮಾತ್ರ ಕೈಗೆ ಬರಲಿಲ್ಲ. ವೈಎಂಸಿಎ ಸೇರಿ ದಕ್ಷಿಣದ ಊರುಗಳನ್ನೆಲ್ಲ ಸುತ್ತಿದರು. 1898ರಲ್ಲಿ ಮದುವೆ. ಅನ್ಬು ಆ ಕಾಲಕ್ಕೇ ಕಾಲೇಜು ಕಂಡ ಹೆಣ್ಣುಮಗಳು. ವರದಕ್ಷಿಣೆ ಬೇಡ, ಒಡವೆಯ ಆಡಂಬರ ಬೇಡ ಎಂದು ಸರಳವಾಗಿ ಮದುವೆಯಾದರು. ಇಂದಿಗೂ ಚಪ್ಪರದಲ್ಲಿ ಗುಸುಗುಸು ಎಬ್ಬಿಸುವ ಇಂಥ ನಿರ್ಧಾರಕ್ಕೆ ಆಗ ಎಷ್ಟು ಚಿಕ್ಕಪ್ಪ ದೊಡ್ಡಪ್ಪಂದಿರು ಮುಖ ಊದಿಸಿಕೊಂಡಿದ್ದರೋ!

1903ರಲ್ಲಿ ತಿರುನೆಲ್ವೇಲಿಯ ಕ್ರೈಸ್ತರು ತಮ್ಮದೇ ಹಣ, ತಮ್ಮದೇ ಜನ ಎಂದು ಒಂದು ಮಿಷನ್ ಕಟ್ಟಿದರು. ಅದರ ಹಿಂದೆ ಇದ್ದವರು ಅಜರಯ್ಯ. ಆ ಮಿಷನ್ ಆರಿಸಿಕೊಂಡದ್ದು ನಿಜಾಮರ ರಾಜ್ಯದ ವಾರಂಗಲ್ ಕಡೆಯ ತೆಲುಗು ನಾಡನ್ನು. ಬೇರೆಯವರಿಗೆ ಹೋಗಿ ಎಂದು ಹೇಳುತ್ತಿದ್ದವರಿಗೆ ತಾನೂ ಹೋಗಬೇಕು ಅನ್ನಿಸಿತು. 1909ರಲ್ಲಿ ಗುರುದೀಕ್ಷೆ ಪಡೆದು ದೋರ್ನಕಲ್ಲಿಗೆ ಹೊರಟರು. ಮೂವತ್ತೈದರ ತಮಿಳ, ತೆಲುಗಿನ ಅಕ್ಷರ ತಿದ್ದುತ್ತ, ಡೇರೆ ಹಾಕಿಕೊಂಡು ಸಂಸಾರ ಹೂಡಿದ್ದು ಹೀಗೆ.

ನಮ್ಮ ನಾಡಿನಲ್ಲಿ ಮನೆ ಬಿಟ್ಟು ಹೋದವರಿಗೆ ಮರ್ಯಾದೆ ಜಾಸ್ತಿ. ನಡುರಾತ್ರಿ ಎದ್ದು, ಮಲಗಿದ ಹೆಂಡತಿ ಮಗುವನ್ನು ನೋಡಿ ಹೊರಟ ರಾಜಕುಮಾರನ ಕಥೆಗೆ ನಾವು ಕಣ್ಣೀರಿಟ್ಟಷ್ಟು ಬೆಳಗ್ಗೆ ಎದ್ದು ಮಗುವಿಗೆ ಹಾಲು ಕಾಯಿಸಿ ಆಮೇಲೆ ಲೋಕಕ್ಕೆ ಹೊರಟವನ ಕಥೆಗೆ ಇಡುವುದಿಲ್ಲ. ಆದರೆ ಕನ್ನಡದವರಿಗೆ ಇನ್ನೊಂದು ನೆನಪೂ ಉಂಟಲ್ಲ, ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಗಂಡ ಆ ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹಿಂದಕ್ಕೆ ಸುರಿದು ಬಾ ಎಂದ ಹೆಂಡತಿ. ಅಜರಯ್ಯ ಮತ್ತು ಅನ್ಬು ಅವರನ್ನು ನಾನು ಸಂತರ ಸಾಲಿಗಿಂತ ಈ ದಂಪತಿಗಳ ಜಗಲಿಯಲ್ಲೇ ಕೂರಿಸುತ್ತೇನೆ.

ಜಗಲಿಯ ಮೇಲೆ ಕೂತರೆ ಅಕ್ಕಿಯ ಮಾತು ಬರಲೇಬೇಕು. ದೋರ್ನಕಲ್ ಸೀಮೆಯ ಸಭೆಗಳಲ್ಲಿ ಹಿಡಿಯಕ್ಕಿಯ ಪದ್ಧತಿ ಇತ್ತು. ಒಲೆಗೆ ಅಕ್ಕಿ ಹಾಕುವ ಮುನ್ನ ಒಂದು ಹಿಡಿ ಮಡಕೆಗೆ, ವಾರದ ಕೊನೆಗೆ ಮಡಕೆ ದೇವಾಲಯಕ್ಕೆ. ಕೊಟ್ಟವರು ಯಾರೆಂದು ನೆನೆದರೆ ಮನಸ್ಸು ತುಂಬಿ ಬರುತ್ತದೆ. ಹೆಚ್ಚಿನವರು ಮಾಲರು, ಮಾದಿಗರು, ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡುವವರು, ಅಂದಂದಿನ ಅನ್ನವೇ ಅನುಮಾನವಾಗಿದ್ದವರು. ಬಡವರಿಂದ ಕೇಳಬಾರದು ಎಂಬುದು ಅನುಕಂಪದ ಮಾತು. ಅಜರಯ್ಯ ಕೇಳಿದರು, ಏಕೆಂದರೆ ಮನೆಯವರನ್ನು ಕೇಳಲು ಸಂಕೋಚವೇನು? ಕೊಡುವ ಕೈಗೆ ಬರುವ ಸೆಟೆತನವನ್ನು ಅವರು ಬಲ್ಲರು. ಕ್ರೈಸ್ತರ ಕೊಡುಗೈಯ ಬಗ್ಗೆಯೇ ಒಂದು ಪುಸ್ತಕ ಬರೆದರು, ಅದು ಹಲವು ಭಾಷೆಗಳಿಗೆ ಹೋಯಿತು. ದೀಕ್ಷಾಸ್ನಾನ ಪಡೆದವರಿಗೆ ತಮ್ಮ ತಲೆಯ ಮೇಲೆ ತಾವೇ ಕೈಯಿಟ್ಟು, ಸುವಾರ್ತೆ ಸಾರುವುದು ತಮ್ಮ ಹೊಣೆ ಎಂದು ಹೇಳಿಸುತ್ತಿದ್ದರಂತೆ. ಯಾರೂ ತಲೆಗೆ ಕೈ ಸೋಕಿಸಲೊಲ್ಲದ ಜನ, ತಮ್ಮ ಕೈಯನ್ನೇ ತಮ್ಮ ನೆತ್ತಿಗಿಟ್ಟು ನಿಂತದ್ದು!

ಎಡಿನ್‌ಬರೋ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. 1910ರಲ್ಲಿ ಅಲ್ಲಿ ಮಿಷನರಿಗಳ ಜಾಗತಿಕ ಸಮ್ಮೇಳನ. ಸಭೆಯ ತುಂಬ ಬಿಳಿಯರು. ಅಜರಯ್ಯ ಎದ್ದು, ನಿಮ್ಮವರ ದುಡಿಮೆಗೆ, ತ್ಯಾಗಕ್ಕೆ ನಾವು ಋಣಿಗಳು, ಆದರೆ ನಮಗೆ ಬೇಕಾದದ್ದು ಗೆಳೆಯರು ಎಂಬರ್ಥದ ಮಾತಾಡಿದರು. ಕೇಳಿದ ಹಲವರು ಇರಿಸುಮುರಿಸಾದರು. ನನಗೆ ಇದು ಊಟದ ಪಂಕ್ತಿಯ ಮಾತಾಗಿ ಕೇಳಿಸುತ್ತದೆ. ನೀನು ಬಡಿಸಿದೆ ಸರಿ, ಪಕ್ಕದಲ್ಲಿ ಕೂತು ಉಣ್ಣು. ಮನೆಯೊಳಗಿನ ಸಮಪಂಕ್ತಿಯನ್ನು ಬಲ್ಲವರಿಗೆ ಮಾತ್ರ ಹೊರಗಿನ ಪಂಕ್ತಿಭೇದ ಇಷ್ಟು ಚುಚ್ಚುತ್ತದೆ ಎಂದು ನನ್ನ ನಂಬಿಕೆ.

ಎರಡು ವರ್ಷದ ನಂತರ, 1912ರ ಡಿಸೆಂಬರ್ 29ರಂದು, ಕಲ್ಕತ್ತದ ಸೇಂಟ್ ಪಾಲ್ಸ್ ದೇವಾಲಯದಲ್ಲಿ ಅವರಿಗೆ ಬಿಷಪ್ ಪಟ್ಟವಾಯಿತು. ಆಂಗ್ಲಿಕನ್ ಸಭೆಯಲ್ಲಿ ಭಾರತೀಯನೊಬ್ಬ ಬಿಷಪ್ ಆದದ್ದು ಅದೇ ಮೊದಲು. ಪಟ್ಟ ಮುಗಿಸಿ ಮತ್ತೆ ಅದೇ ದೋರ್ನಕಲ್, ಅದೇ ಗಾಡಿ. ಅವರ ಕಾಲ ಮುಗಿಯುವ ಹೊತ್ತಿಗೆ ಆ ಸೀಮೆಯ ಸಭೆಯ ಜನ ಎರಡು ಲಕ್ಷ ದಾಟಿದ್ದರು.

ಅಲ್ಲಿ ಅವರು ಕಟ್ಟಿಸಿದ ದೊಡ್ಡ ದೇವಾಲಯದ ಚಿತ್ರಗಳನ್ನು ಎಷ್ಟು ನೋಡಿದರೂ ತಣಿಯುವುದಿಲ್ಲ. ಚೂಪು ಗೋಪುರದ ಇಂಗ್ಲಿಷ್ ಚರ್ಚನ್ನು ಎತ್ತಿ ತಂದಿಟ್ಟಿಲ್ಲ. ಗುಮ್ಮಟವಿದೆ, ಮಸೀದಿಯ ಕಮಾನಿದೆ, ಗುಡಿಯ ಕಂಬವಿದೆ, ಕಮಲವಿದೆ, ಶಿಲುಬೆಯಿದೆ. ಹಣ ಸಾಲದೆ, ನಿಂತು ನಿಂತು ಮೇಲೆದ್ದ ಕಟ್ಟಡ ಅದು, ಪ್ರತಿಷ್ಠೆಯಾದದ್ದು 1939ರ ಜನವರಿ 6ರಂದು. ನಾಡಿನ ನೆಂಟರೆಲ್ಲ ಒಂದೇ ಚಪ್ಪರದಡಿ ಸೇರಿದ ಮದುವೆಮನೆಯಂತಿದೆ.

ಅಜರಯ್ಯ ತೀರಿಕೊಂಡದ್ದು 1945ರ ಹೊಸವರ್ಷದ ದಿನ. ಬೇರೆ ಬೇರೆ ಮಿಷನ್ನುಗಳು ಕಟ್ಟಿಹೋದ ಸಭೆಗಳು ಒಂದಾಗಬೇಕೆಂದು 1919ರಲ್ಲಿ ತರಂಗಂಬಾಡಿಯಲ್ಲಿ ಗೆಳೆಯರೊಡನೆ ಕೂತು ಆಡಿದ್ದ ಮಾತು 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಾಗಿ ನಿಜವಾಯಿತು. ನಮ್ಮ ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳೂ ಅದರೊಳಗೆ ಬಂದವು. ನೋಡಲು ಅವರಿರಲಿಲ್ಲ.

ಗಾಡಿಯಲ್ಲಿ ಅವರ ಪಕ್ಕದಲ್ಲಿದ್ದ ಅನ್ಬು ಅವರ ಬದುಕನ್ನು ಯಾರಾದರೂ ಕನ್ನಡದಲ್ಲಿ ವಿಸ್ತಾರವಾಗಿ ಬರೆಯಲಿ ಎಂದು ನನಗೆ ಬಹಳ ಆಸೆ. ಡೇರೆಯೊಳಗೆ ಮೊದಲ ಮಳೆಗಾಲವನ್ನು ಹೇಗೆ ಕಳೆದರು, ತಮಿಳು ನಾಲಿಗೆಯ ಮಕ್ಕಳು ತೆಲುಗಿನಲ್ಲಿ ಮೊದಲು ಯಾರೊಡನೆ ಜಗಳವಾಡಿದರು, ಹೊತ್ತಲ್ಲದ ಹೊತ್ತಿನಲ್ಲಿ ಹಳ್ಳಿಗರು ಬಂದು ನಿಂತಾಗ ಅಡುಗೆ ಎಷ್ಟು ಜನಕ್ಕಾಗುತ್ತಿತ್ತು, ಗಂಡನ ಯಾವ ಪ್ರಸಂಗವನ್ನು ಕೇಳಿ ಉದ್ದವಾಯಿತು ಅಂದರು, ಇವೆಲ್ಲ ಅದರಲ್ಲಿರಲಿ.