ಮೇಯರ್‌ಗೊಂದು ಪತ್ರ, ಫ್ರೆಂಚಿನಲ್ಲಿ

ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಮೆಟ್ರೊ ಹತ್ತಿದರೆ ಕೂರಲು ಜಾಗವಿಲ್ಲ. ಇಂಟರ್ (ಪಿಯುಸಿ) ಎರಡನೇ ವರ್ಷದ ಹುಡುಗಿಯೊಬ್ಬಳು ಬಾಗಿಲ ಪಕ್ಕದ ಕಂಬಕ್ಕೆ ಒರಗಿ, ಇಯರ್‌ಫೋನಿನಲ್ಲಿ ಫ್ರಾನ್ಸಿನ ಆರ್‌ಎಫ್‌ಐ ರೇಡಿಯೊ ಕೇಳುತ್ತಿದ್ದಾಳೆ. ಭಾಷೆ ಕಲಿಯುವವರಿಗೆಂದೇ ಸುಲಭ ಫ್ರೆಂಚಿನಲ್ಲಿ ಓದುವ ವಾರ್ತೆ ಅದು. ಮೂಸಾರಾಂಬಾಗ್ ಬಂತೆಂದು ಬೋಗಿಯಲ್ಲಿ ಘೋಷಣೆ ಮೊಳಗಿ, ವಾರ್ತೆಯ ಒಂದು ಇಡೀ ವಾಕ್ಯ ಅದರಡಿ ಮುಳುಗುತ್ತದೆ. ಅವಳು ಹಿಂದಕ್ಕೆ ತಿರುಗಿಸುವುದಿಲ್ಲ. ಪರೀಕ್ಷೆಯಲ್ಲಿ ಕೆಲವು ಧ್ವನಿಮುದ್ರಣಗಳನ್ನು ಕೇಳಿಸುವುದು ಒಂದೇ ಸಲ. ತಪ್ಪಿದ್ದು ತಪ್ಪಿತು, ಮುಂದಿನದಕ್ಕೆ ಕಿವಿ ಕೊಡಬೇಕು.

ಅವಳು ಬರೆಯಲಿರುವುದು ದೆಲ್ಫ್ ಪರೀಕ್ಷೆಯ ಬಿ2 ಹಂತ. ದೆಲ್ಫ್ ಎಂದರೆ ಫ್ರಾನ್ಸಿನ ಶಿಕ್ಷಣ ಸಚಿವಾಲಯ 1985ರಲ್ಲಿ ಶುರುಮಾಡಿದ ಫ್ರೆಂಚ್ ಭಾಷೆಯ ಡಿಪ್ಲೊಮಾ. ಒಮ್ಮೆ ಪಾಸಾದರೆ ಅದಕ್ಕೆ ಅವಧಿ ಮುಗಿಯುವುದೆಂಬುದಿಲ್ಲ. ಕೇಳು, ಓದು, ಬರೆ, ಮಾತಾಡು, ಒಂದೊಂದಕ್ಕೂ 25 ಅಂಕ. ನೂರಕ್ಕೆ 50 ಬಂದರೆ ಪಾಸು, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಇಳಿಯಬಾರದು.

ತೆಲಂಗಾಣದ ಇಂಟರ್‌ನಲ್ಲೂ ಎರಡನೇ ಭಾಷೆಯಾಗಿ ಫ್ರೆಂಚ್ ಇದೆ. ಅಂಕ ಚೆನ್ನಾಗಿ ಬರುತ್ತವೆಂದು ಎಷ್ಟೋ ಮಕ್ಕಳು ಅದನ್ನು ಆರಿಸಿಕೊಳ್ಳುತ್ತಾರೆ. ಅಲ್ಲಿ ಪಾಠ ಓದಿ ಉತ್ತರ ಬಾಯಿಪಾಠ ಮಾಡಿದರೆ ನಡೆಯುತ್ತದೆ. ಬಿ2ನಲ್ಲಿ ಅದು ನಡೆಯುವುದಿಲ್ಲ.

ಪಂಜಾಗುಟ್ಟಾದಲ್ಲಿ ಇಳಿದು ಆಟೊ ಹಿಡಿದರೆ ಬಂಜಾರಾ ಹಿಲ್ಸ್ ಮೂರನೇ ನಂಬರ್ ರಸ್ತೆ, ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾನ್ಸೇಸ್. ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಮದಾಮ್ ಕಳೆದ ವಾರದ ಹಾಳೆಗಳನ್ನು ಮರಳಿಸುತ್ತಿದ್ದಾರೆ. ವಿಷಯ: ನಿಮ್ಮ ಬಡಾವಣೆಯ ಹಳೆಯ ಸ್ಮಾರಕವೊಂದನ್ನು ಕಾಪಾಡಬೇಕೆಂದು ಮೇಯರ್‌ಗೆ ಪತ್ರ ಬರೆಯಿರಿ. ಒಂದು ಗಂಟೆ, ಕಡಿಮೆಯೆಂದರೆ 250 ಪದ.

ಹುಡುಗಿ ಆರಿಸಿಕೊಂಡದ್ದು ರೇಮಂಡ್‌ನ ಗೋರಿ. ನಿಜಾಮರ ಸೇನೆಯಲ್ಲಿ ದಂಡನಾಯಕನಾಗಿದ್ದ ಈ ಫ್ರೆಂಚನನ್ನು ಮುಸ್ಲಿಮರು ಮೂಸಾ ರಹೀಮ್ ಎಂದರು, ಹಿಂದೂಗಳು ಮೂಸಾ ರಾಮ್ ಎಂದರು. ಮೂಸಾರಾಂಬಾಗ್ ಅವನದೇ ಹೆಸರು. ಅವನು 1798ರ ಮಾರ್ಚಿನಲ್ಲಿ ತೀರಿಕೊಂಡ. ಅದೇ ವರ್ಷದ ಅಕ್ಟೋಬರಿನಲ್ಲಿ ಬ್ರಿಟಿಷರು ಅವನ ಪಡೆಯ ಆಯುಧ ಕಸಿದು ಅದನ್ನು ಚದುರಿಸಿದರು. ಗುಡ್ಡದ ಮೇಲೆ ಅವನ ಗೋರಿಯ ಕಲ್ಲಿನ ಸ್ತಂಭ ಉಳಿಯಿತು.

ಇಷ್ಟೂ ಅವಳ ಹಾಳೆಯಲ್ಲಿದೆ. ವ್ಯಾಕರಣದ ತಪ್ಪು ಎರಡೋ ಮೂರೋ. ಕೊನೆಯಲ್ಲಿ ಫ್ರೆಂಚರ ಉದ್ದನೆಯ ವಂದನೆಯೂ ಸರಿಯಾಗಿದೆ. ಆದರೂ ಮದಾಮ್ ಅಂಚಿನಲ್ಲಿ ಕೆಂಪು ಗೆರೆ ಎಳೆದಿದ್ದಾರೆ: "ಇದು ಇತಿಹಾಸದ ಪಾಠ. ಮೇಯರ್ ಯಾಕೆ ಒಪ್ಪಬೇಕು? ಬೇಡ ಎನ್ನುವವರು ಏನು ಹೇಳುತ್ತಾರೆ?"

ಹುಡುಗಿ ಪೆನ್ನಿನ ತುದಿ ಕಚ್ಚುತ್ತಾಳೆ. ಬೇಡ ಎನ್ನುವವರು ಹೀಗೂ ಹೇಳಬಹುದೆಂದು ಶಾಲೆಯಲ್ಲಿ ಅವಳಿಂದ ಯಾರೂ ಬರೆಸಿಲ್ಲ. ನನಗೆ ಈ ಪರೀಕ್ಷೆಯ ಮೇಲೆ ಗೌರವ ಹುಟ್ಟುವುದು ಇಲ್ಲಿಯೇ: ಹದಿನೇಳರ ಹುಡುಗಿ ಊರಿನ ಮೇಯರ್ ಜೊತೆ ವಾದಿಸಬಲ್ಲಳೆಂದು ಅದು ನಂಬುತ್ತದೆ.

ರಾತ್ರಿ ಅಡುಗೆಮನೆ. ಅವರ ಮನೆ ಮಾತು ಕಲಬುರಗಿಯ ಕನ್ನಡ. ಅವ್ವ ರೊಟ್ಟಿ ಬಡಿಯುತ್ತಲೇ ಕೇಳುತ್ತಾಳೆ, "ಯಾನ್ ಬರೀಲತ್ತಿ?" ಹುಡುಗಿ ಹೇಳುತ್ತಾಳೆ.

"ಸತ್ತು ಇನ್ನೂರು ವರ್ಷ ಆದವನ ಗೋರಿಗಿ ರೊಕ್ಕ ಯಾಕ ಸುರೀಬೇಕು? ಮಳಿ ಬಂದ್ರ ನಮ್ಮ ಓಣ್ಯಾಗ ನೀರು ನಿಂದರ್ತದ. ಮೊದಲ ಅದು ಮಾಡ್ಲಿ ಅನ್ನು ನಿನ್ನ ಮೇಯರ್‌ಗ."

"ಹಂಗಲ್ಲವ್ವಾ. ಗುಡ್ಡದ ಮ್ಯಾಲ ಬಯಲದ. ನಮ್ಮ ಕಡಿ ಹುಡುಗ್ರಿಗಿ ಆಡ್ಲಿಕ್ಕ ಜಾಗಾನೇ ಇಲ್ಲ. ಅದು ಸ್ವಚ್ಛ ಇಟ್ರ..."

"ಅಂದ್ರ ನೀ ಗೋರಿಗಲ್ಲ, ಬಯಲಿಗಿ ರೊಕ್ಕ ಕೇಳ್ಲಿಕತ್ತಿ."

ಹುಡುಗಿ ಎದ್ದು ಹೋಗಿ ಹಾಳೆ ತರುತ್ತಾಳೆ. ಅವ್ವನ ಮಳೆನೀರು ಎರಡನೇ ಪ್ಯಾರಾದ ಮೊದಲ ಸಾಲಾಗುತ್ತದೆ: "ಸೆರ್ತ್", ಹೌದು, ಚರಂಡಿ ಮೊದಲು ಎನ್ನುವ ನಿವಾಸಿಗಳ ಮಾತಿನಲ್ಲಿ ನ್ಯಾಯವಿದೆ. ಅದರ ಕೆಳಗೆ ಆಟದ ಬಯಲು ಬರುತ್ತದೆ. ರೇಮಂಡ್‌ನ ಕಥೆ ಮೂರು ಸಾಲಿಗೆ ಇಳಿಯುತ್ತದೆ.

ಮುಂದಿನ ತರಗತಿಯಲ್ಲಿ ಮೌಖಿಕದ ಅಭ್ಯಾಸ. ಮಡಚಿದ ಚೀಟಿಗಳಲ್ಲಿ ಎರಡು ಎತ್ತಿ, ಒಂದನ್ನು ಉಳಿಸಿಕೊಳ್ಳಬೇಕು. ತಯಾರಿಗೆ ಮೂವತ್ತು ನಿಮಿಷ, ಆಮೇಲೆ ಪರೀಕ್ಷಕರ ಮುಂದೆ ಇಪ್ಪತ್ತು ನಿಮಿಷ: ಮೊದಲು ತನ್ನ ನಿಲುವು, ನಂತರ ವಾದ. ಅವಳ ಚೀಟಿಯಲ್ಲಿ ಬಂದದ್ದು ಸಾರ್ವಜನಿಕ ಸಾರಿಗೆ ಉಚಿತವಾಗಬೇಕೇ ಎಂಬ ಪ್ರಶ್ನೆ. ಫ್ರಾನ್ಸಿನ ಡಂಕರ್ಕ್ ಊರಿನಲ್ಲಿ 2018ರ ಸೆಪ್ಟೆಂಬರಿನಿಂದ ಬಸ್ಸಿಗೆ ಟಿಕೆಟ್ ಇಲ್ಲವೆಂದು ಚೀಟಿಯೊಳಗಿನ ಬರಹ ಹೇಳುತ್ತದೆ.

ಅವಳು ಕುರ್ಚಿಯ ಅಂಚಿಗೆ ಸರಿದು ಶುರುಮಾಡುತ್ತಾಳೆ. ಡಂಕರ್ಕ್‌ನಿಂದ ನೇರ ನಮ್ಮೂರಿಗೆ ಬರುತ್ತಾಳೆ: 2023ರ ಜೂನಿನಲ್ಲಿ ಕರ್ನಾಟಕದ ಶಕ್ತಿ ಯೋಜನೆ, ಅದೇ ವರ್ಷದ ಡಿಸೆಂಬರಿನಲ್ಲಿ ತೆಲಂಗಾಣದ ಮಹಾಲಕ್ಷ್ಮಿ. ಹೆಂಗಸರಿಗೆ ಬಸ್ ಉಚಿತ. ಮನೆಗೆಲಸಕ್ಕೆ ದೂರ ಹೋಗುವವರಿಗೆ ದಿನವೂ ಉಳಿಯುವ ದುಡ್ಡಿನ ಬಗ್ಗೆ ಹೇಳುವಾಗ ಅವಳ ದನಿ ಏರುತ್ತದೆ. "ಬ್ಯಾಂ ಕ್" (ಆದಾಗ್ಯೂ) ಆದಮೇಲೆ ಕ್ರಿಯಾಪದದ ರೂಪ ತಪ್ಪುತ್ತದೆ. ತಾನೇ ಹಿಡಿದು ತಿದ್ದಿಕೊಳ್ಳುತ್ತಾಳೆ. ತಿದ್ದಿಕೊಳ್ಳುವುದಕ್ಕೆ ಅಂಕ ಹೋಗುವುದಿಲ್ಲವೆಂದು ಮದಾಮ್ ಮೊದಲೇ ಹೇಳಿದ್ದಾರೆ.

"ದುಡ್ಡು ಯಾರದು?" ಮದಾಮ್ ಫ್ರೆಂಚಿನಲ್ಲಿ ತಡೆಯುತ್ತಾರೆ.

"ಎಲ್ಲರದು. ಶಾಲೆಗೂ ಎಲ್ಲರ ದುಡ್ಡೇ ಹೋಗುತ್ತದೆ."

"ಬಸ್ಸುಗಳು ತುಂಬಿ ತುಳುಕುತ್ತಿವೆಯಲ್ಲ?"

ಹುಡುಗಿ ಒಂದು ಗಳಿಗೆ ನಿಲ್ಲುತ್ತಾಳೆ. ಹೌದು ಎನ್ನುತ್ತಾಳೆ. ತುಂಬುತ್ತಿವೆಯೆಂದರೆ ಅಷ್ಟು ಜನಕ್ಕೆ ಬಸ್ ಬೇಕಿತ್ತು, ಹಾಗಾಗಿ ಬಸ್ ಹೆಚ್ಚಿಸಿ ಎಂದು ಕೇಳಬೇಕು ಎನ್ನುತ್ತಾಳೆ.

ಮದಾಮ್ ಪೆನ್ನು ಕೆಳಗಿಡುತ್ತಾರೆ. "ಹಾಗಾದರೆ ಬಡ ಗಂಡಸಿಗೆ ಯಾಕೆ ಟಿಕೆಟ್?"

"ಆ ಪ್ರಶ್ನೆ ಸರಿ ಮದಾಮ್. ಆದರೆ..." ಎಂದು ಅವಳು ಕುರ್ಚಿಯನ್ನು ಇನ್ನೂ ಮುಂದಕ್ಕೆಳೆದುಕೊಳ್ಳುತ್ತಾಳೆ.